ಕೇದಗೆಯ ಸಾಕ್ಷಿ

ಹೋದ ಆಷಾಢದಲ್ಲಿ ಒಂದು ಮಧ್ಯಾಹ್ನ ಅಂಚೆಯವನು ಸಣ್ಣದೊಂದು ರಟ್ಟಿನ ಪೆಟ್ಟಿಗೆಯನ್ನು ತಂದುಕೊಟ್ಟ. ಬಿಚ್ಚಿ ನೋಡಿದರೆ ಹತ್ತಿಯ ಹಾಸಿನ ಮೇಲೆ ನಾಲ್ಕು ಪುಟ್ಟ ಗಾಜಿನ ಸೀಸೆಗಳು ಮಲಗಿದ್ದುವು. ಹೋಮಿಯೋಪತಿ ವೈದ್ಯರು ಗುಳಿಗೆ ಹಾಕಿಕೊಡುವ ಸೀಸೆಗಳಷ್ಟೇ ಗಾತ್ರ. ಜೊತೆಗೆ ಬೆರಳಗಲದ ಕೆಲವು ಕಾಗದದ ಪಟ್ಟಿಗಳೂ ಒಂದು ಪತ್ರವೂ ಇದ್ದುವು. ಕಳುಹಿಸಿದವಳು ಹದಿನೈದು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಕುಳಿತು ಪಂಪಭಾರತ ಓದಿದ ಹುಡುಗಿ. ಈಗ ಬೆಂಗಳೂರಿನ ತನ್ನ ಮನೆಯ ಒಂದು ಕೋಣೆಯಲ್ಲಿ ಸುಗಂಧಗಳನ್ನು ತಯಾರಿಸುತ್ತಾಳೆ. ಯಾವ ದೊಡ್ಡ ಕಂಪನಿಗೂ ಸೇರಿದವಳಲ್ಲ. ತೂಗುವವಳೂ ಅವಳೇ, ಬೆರೆಸುವವಳೂ ಅವಳೇ, ಸೀಸೆಗೆ ಚೀಟಿ ಅಂಟಿಸುವವಳೂ ಅವಳೇ. ವರ್ಷದಲ್ಲಿ ಮೂರು ಬಾರಿ, ಕಾಲಕ್ಕೊಂದರಂತೆ, ನಾಲ್ಕಾರು ಹೊಸ ಪರಿಮಳಗಳನ್ನು ಹೊರತರುತ್ತಾಳಂತೆ. ಹೊರತರುವ ಮುನ್ನ ಪರಿಚಿತರಿಗೆ ಮಾದರಿಗಳನ್ನು ಕಳುಹಿಸಿ ಅಭಿಪ್ರಾಯ ಕೇಳುವುದು ಅವಳ ಪದ್ಧತಿ.

ಪತ್ರದಲ್ಲಿ ಹೀಗೆ ಬರೆದಿದ್ದಳು: “ಸರ್, ಇವು ಈ ವರ್ಷದ ಮಳೆಗಾಲದವು. ದಯವಿಟ್ಟು ದಿನಕ್ಕೊಂದೇ ಸೀಸೆ ತೆರೆಯಿರಿ. ಮೊದಲ ಐದು ನಿಮಿಷಗಳಲ್ಲಿ ತೀರ್ಪು ಕೊಡಬೇಡಿ. ಹಗುರವಾದದ್ದೆಲ್ಲ ಮೊದಲು ಹಾರಿಹೋಗುತ್ತದೆ, ಭಾರವಾದದ್ದು ಸಂಜೆಯವರೆಗೆ ಮೈಮೇಲೆ ಉಳಿಯುತ್ತದೆ. ಉಳಿದದ್ದು ಏನೆಂದು ನೋಡಿ ಆಮೇಲೆ ಬರೆಯಿರಿ.” ನನ್ನ ಹೆಂಡತಿ ಪತ್ರವನ್ನು ಓದಿ, “ಒಗ್ಗರಣೆ ಸೀದು ಕರಿಯಾದರೂ ನಿಮಗೆ ಗೊತ್ತಾಗುವುದಿಲ್ಲ. ಪಾಪ, ಆ ಹುಡುಗಿಗೆ ಬೇರೆ ಮೂಗೇ ಸಿಗಲಿಲ್ಲವೇ?” ಎಂದಳು.

ಕಾಲಕ್ಕೊಂದು ಪರಿಮಳವೆಂಬುದು ಈ ಕಾಲದ ವ್ಯಾಪಾರದ ಉಪಾಯವೆಂದುಕೊಂಡು ನಾನೂ ನಕ್ಕೆ. ಆಮೇಲೆ ಆ ನಗುವಿಗೆ ನಾಚಬೇಕಾಯಿತು. ಚರಕಸಂಹಿತೆಯಲ್ಲಿ ಋತುಚರ್ಯೆಯನ್ನು ಹೇಳುವಾಗ ಹೇಮಂತಕ್ಕೆ ಅಗರುವಿನ ಲೇಪವನ್ನೂ ಗ್ರೀಷ್ಮಕ್ಕೆ ಚಂದನದ ಲೇಪವನ್ನೂ ವಿಧಿಸಿದೆ. 6ನೆಯ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ಗಂಧಯುಕ್ತಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. 16 ದ್ರವ್ಯಗಳಲ್ಲಿ ನಾಲ್ಕು ನಾಲ್ಕನ್ನು ಆರಿಸಿಕೊಂಡರೆ 1820 ಬಗೆಯಾಗುತ್ತದೆಂದು ಅಲ್ಲಿ ಲೆಕ್ಕವನ್ನೂ ಹಾಕಿದ್ದಾನೆ. ಅಷ್ಟು ದೂರ ಹೋಗುವುದೇಕೆ? ಸುಮಾರು 1025ರಲ್ಲಿ ಕನ್ನಡದಲ್ಲಿ ‘ಲೋಕೋಪಕಾರ’ವನ್ನು ಬರೆದ ಇಮ್ಮಡಿ ಚಾವುಂಡರಾಯ, ನೀರಿನ ಸೆಲೆ ಕಂಡುಹಿಡಿಯುವುದು, ಅಡಿಗೆ ಮಾಡುವುದು, ದನಕರುಗಳ ರೋಗ ವಾಸಿಮಾಡುವುದು ಇವುಗಳ ಸಾಲಿನಲ್ಲೇ ಸುಗಂಧ ತಯಾರಿಸುವ ಬಗೆಯನ್ನೂ ಹೇಳಿದ್ದಾನೆ. ಅಂದರೆ ಅವನ ಕಣ್ಣಿಗೆ ಪರಿಮಳವೆಂಬುದು ಸಿರಿವಂತರ ಸೊಕ್ಕಲ್ಲ, ಬದುಕಿಗೆ ಬೇಕಾದ ವಿದ್ಯೆಗಳಲ್ಲಿ ಒಂದು. ನನ್ನ ಶಿಷ್ಯೆ ಹಿಡಿದಿರುವುದು ಹಳೆಯ ದಾರಿಯನ್ನೇ. ಪಂಪನನ್ನು ಓದಿಸಿದ್ದು ವ್ಯರ್ಥವಾಯಿತೆಂದು ಮರುಗಬೇಕಾಗಿಲ್ಲ ಎಂದು ಸಮಾಧಾನ ತಂದುಕೊಂಡು ಮೊದಲ ಸೀಸೆಯನ್ನು ತೆರೆದೆ.

ಅದು ಮಣ್ಣಿನ ಅತ್ತರು. ಉತ್ತರಪ್ರದೇಶದ ಕನೌಜಿನಿಂದ ತರಿಸಿದ್ದಂತೆ. ಇಮ್ಮಡಿ ಪುಲಿಕೇಶಿ ತಡೆದು ನಿಲ್ಲಿಸಿದ ಹರ್ಷನ ರಾಜಧಾನಿ ಅದು. ಅಲ್ಲಿನವರು ಬೇಸಗೆಯಲ್ಲಿ ಒಣಗಿ ಬಿರಿದ ಮಣ್ಣನ್ನು ಅಗೆದು ತಂದು, ಬಿಲ್ಲೆಗಳಂತೆ ತಟ್ಟಿ, ಬೆಂಕಿಯಲ್ಲಿ ಸ್ವಲ್ಪ ಸುಟ್ಟು, ತಾಮ್ರದ ಹಂಡೆಯಲ್ಲಿ ನೀರಿನೊಡನೆ ಹಾಕಿ ಬಾಯನ್ನು ಮಣ್ಣಿನಿಂದ ಮೆತ್ತುತ್ತಾರೆ. ಕೆಳಗೆ ಉರಿ. ಮೇಲೆದ್ದ ಆವಿ ಬಿದಿರಿನ ಕೊಳವೆಯಲ್ಲಿ ಹಾದು, ತಣ್ಣೀರಿನಲ್ಲಿ ಮುಳುಗಿಸಿಟ್ಟ ಇನ್ನೊಂದು ಪಾತ್ರೆಗೆ ಇಳಿಯುತ್ತದೆ. ಆ ಪಾತ್ರೆಯಲ್ಲಿ ಮೊದಲೇ ಹಾಕಿಟ್ಟ ಗಂಧದೆಣ್ಣೆ ಮಣ್ಣಿನ ವಾಸನೆಯನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. 1964ರಲ್ಲಿ ಆಸ್ಟ್ರೇಲಿಯದ ಇಬ್ಬರು ವಿಜ್ಞಾನಿಗಳು, ಇಸಬೆಲ್ ಬೇರ್ ಮತ್ತು ರಿಚರ್ಡ್ ಥಾಮಸ್, ಮಳೆ ಬಿದ್ದ ನೆಲದ ವಾಸನೆಗೆ ‘ಪೆಟ್ರಿಕೋರ್’ ಎಂಬ ಹೆಸರು ಕಟ್ಟಿದರು. ಕಲ್ಲಿನ ಮೈಯಲ್ಲಿ ಹರಿಯುವ ದೇವತೆಗಳ ರಕ್ತ ಎಂದು ಸ್ಥೂಲವಾಗಿ ಅದರ ಅರ್ಥ. ಅವರು ಹೆಸರಿಡುವ ಹೊತ್ತಿಗೆ ನಮ್ಮವರು ಅದನ್ನು ಬಹುಕಾಲದಿಂದ ಸೀಸೆಯಲ್ಲಿ ತುಂಬಿ ಮಾರುತ್ತಿದ್ದರು. ಆ ಸಂಗತಿಯನ್ನು ಆ ವಿಜ್ಞಾನಿಗಳೂ ತಮ್ಮ ಲೇಖನದಲ್ಲಿ ಒಪ್ಪಿಕೊಂಡಿದ್ದಾರೆ.

ಮಣಿಕಟ್ಟಿಗೆ ಹಚ್ಚಿಕೊಂಡು ದಿನವೆಲ್ಲ ಮೂಸಿ ನೋಡಿದೆ. ಚೆನ್ನಾಗಿತ್ತು. ನಿಜವಾದ ಮಣ್ಣು, ನಿಜವಾದ ಬೆಂಕಿ, ನಿಜವಾದ ಶ್ರೀಗಂಧ. ಆದರೂ ಮನಸ್ಸು ತನ್ನ ಜಾಗ ಬಿಟ್ಟು ಕದಲಲಿಲ್ಲ. ಎರಡನೆಯ ದಿನದ್ದು ಸಂಪಿಗೆ. ಅದರ ವಿಷಯವನ್ನು ಮುಂದೆ ಹೇಳುತ್ತೇನೆ. ಮೂರನೆಯದು ಹಸಿ ಸೌದೆಯ ಹೊಗೆ, ಮಳೆಗಾಲದ ಬಚ್ಚಲ ಒಲೆಯದು. “ಈ ವಾಸನೆ ಹೋಗಲೆಂದೇ ನಮ್ಮ ತಾಯಿ ಗ್ಯಾಸಿನ ಒಲೆ ತಂದದ್ದು. ಈಗ ಅದಕ್ಕೆ ದುಡ್ಡು ಕೊಡಬೇಕೇ?” ಎಂದು ಹೆಂಡತಿ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ನಾಲ್ಕನೆಯದು ಕೇದಗೆ.

ಅಂದು ಭಾನುವಾರ. ಸೀಸೆಯ ಬಿರಡೆ ತೆಗೆದು ಕಾಗದದ ಪಟ್ಟಿಯನ್ನು ಅದ್ದಿ ಮೂಗಿನ ಬಳಿ ಹಿಡಿದೆ. ಒಮ್ಮೆಲೇ ಅಮ್ಮನ ಕಬ್ಬಿಣದ ಟ್ರಂಕು ಕಣ್ಣ ಮುಂದೆ ಬಾಯ್ತೆರೆದು ನಿಂತಿತು. ಹಸುರು ಬಣ್ಣ, ಮುಚ್ಚಳದ ಒಳಮೈಗೆ ಅಂಟಿಸಿದ ಹಳೆಯ ಕ್ಯಾಲೆಂಡರಿನ ಲಕ್ಷ್ಮಿ, ಮಡಿಚಿಟ್ಟ ರೇಷ್ಮೆ ಸೀರೆಗಳು, ಅವುಗಳ ಮಡಿಕೆಯಲ್ಲಿ ಒಣಗಿ ಕಾಗದದಂತಾದ ಕೇದಗೆಯ ಎಸಳು. ಮಳೆಗಾಲದಲ್ಲಿ ಹೊಳೆದಂಡೆಯ ಕಡೆಯಿಂದ ಒಬ್ಬಾಕೆ ಕೇದಗೆಯನ್ನು ತರುತ್ತಿದ್ದಳು. ಎಸಳನ್ನು ಅಕ್ಕನ ಜಡೆಗೆ ಮುಡಿಸಿ ಮಿಕ್ಕದ್ದನ್ನು ಅಮ್ಮ ಟ್ರಂಕಿನಲ್ಲಿಡುತ್ತಿದ್ದಳು. ವರ್ಷವಿಡೀ ಹಬ್ಬ ಮದುವೆಗಳಿಗೆ ಅವಳು ಸೀರೆಯುಟ್ಟು ಹೊರಟಾಗ ನಮ್ಮ ಮುಂದೆ ಆ ಕಂಪು ಹಾದುಹೋಗುತ್ತಿತ್ತು. ಅಮ್ಮ ತೀರಿಕೊಂಡು ಆರು ವರ್ಷಗಳಾಗಿದ್ದುವು. ಅವಳ ಕಾರ್ಯದ ದಿನವೂ ಅಷ್ಟಾಗಿ ಅಳದಿದ್ದ ನಾನು ಅಂದು ಕಾಗದದ ಚೂರೊಂದನ್ನು ಹಿಡಿದು ಕುಳಿತು ಅತ್ತೆ.

ಇದಕ್ಕೆ ಶರೀರಶಾಸ್ತ್ರದಲ್ಲಿ ಕಾರಣವಿದೆ. ಕಣ್ಣು ಕಿವಿಗಳು ತರುವ ಸುದ್ದಿ ಮೆದುಳಿನ ನಡುಮನೆಯೊಂದರಲ್ಲಿ ನಿಂತು ಮುಂದಕ್ಕೆ ಹೋಗಬೇಕು. ಮೂಗಿನ ಸುದ್ದಿಗೆ ಆ ತಡೆಯಿಲ್ಲ, ಭಾವನೆ ನೆನಪುಗಳ ಕೋಣೆಗೆ ಅದು ನೇರವಾಗಿ ನುಗ್ಗುತ್ತದೆ. ಜರ್ಮನಿಯ ದಾರ್ಶನಿಕ ಕಾಂಟನಿಗೆ ಘ್ರಾಣೇಂದ್ರಿಯವೆಂದರೆ ಅಷ್ಟಕ್ಕಷ್ಟೆ. 1798ರಲ್ಲಿ ಪ್ರಕಟವಾದ ಮಾನವಶಾಸ್ತ್ರದ ಗ್ರಂಥದಲ್ಲಿ, ಬೆಳೆಸಿಕೊಂಡು ಫಲವಿಲ್ಲದ, ಇಲ್ಲದಿದ್ದರೂ ನಡೆಯುವ ಇಂದ್ರಿಯವೆಂದು ಅದನ್ನು ಕೆಳಗಿಟ್ಟಿದ್ದಾನೆ. ವಾಸನೆಯು ನಮ್ಮ ಸ್ವಾತಂತ್ರ್ಯಕ್ಕೆ ವಿರೋಧಿ, ಬೇಡವೆಂದವನೂ ಪಾಲುಗೊಳ್ಳಲೇಬೇಕು ಎಂಬುದು ಅವನ ಆಕ್ಷೇಪ. ಮಾತು ಸರಿ. ಬೇಡದ ದೃಶ್ಯಕ್ಕೆ ಕಣ್ಣು ಮುಚ್ಚಬಹುದು. ಉಸಿರಾಡದೆ ಎಷ್ಟು ಹೊತ್ತು ಇರುವುದು? ಆದರೆ ನನಗೆ ಅಂದು ಆ ಬಲಾತ್ಕಾರವೇ ಉಪಕಾರವಾಗಿ ತೋರಿತು. ನಾನು ಕರೆದಿದ್ದರೆ ಆ ಅಳು ಬರುತ್ತಿರಲಿಲ್ಲ.

ಶಿಷ್ಯೆಗೆ ಫೋನು ಮಾಡಿ ಹೊಗಳಿದೆ. ಅವಳು ಸಂಕೋಚದಿಂದ, “ಸರ್, ಅದರಲ್ಲಿ ನಿಜವಾದ ಕೇದಗೆ ಬಹಳ ಕಡಿಮೆ. ಒಡಿಶಾದ ಗಂಜಾಂ ಜಿಲ್ಲೆಯಿಂದ ಅಸಲಿ ಕೇದಗೆಯ ಅತ್ತರು ತರಿಸಬಹುದು, ಬೆಲೆ ನನ್ನ ಕೈಗೆ ಎಟುಕುವುದಿಲ್ಲ. ಆ ಹೂವಿನ ಕಂಪಿನ ಬಹುಪಾಲು ಒಂದೇ ರಾಸಾಯನಿಕದ್ದು, ಅದು ಕಾರ್ಖಾನೆಯಲ್ಲೇ ತಯಾರಾಗುತ್ತದೆ. ಅಸಲಿ ಕೆಲವು ಹನಿ, ಮಿಕ್ಕದ್ದೆಲ್ಲ ಅದು” ಎಂದಳು. ನಾನು ಫೋನು ಕೆಳಗಿಟ್ಟು ಯೋಚಿಸಿದೆ. ಅಪ್ಪಟ ಮಣ್ಣಿನ ಸಾರಕ್ಕೆ ಕಲ್ಲಿನಂತೆ ಕುಳಿತಿದ್ದವನು, ಕಾರ್ಖಾನೆಯ ದ್ರವಕ್ಕೆ ಕರಗಿ ಅತ್ತಿದ್ದೆ. ಹಾಗಾದರೆ ಆ ಅಳು ಅಸಲಿಯೋ ನಕಲಿಯೋ?

ಒಂದು ವಾರ ನನ್ನ ವಾದ ಹೀಗಿತ್ತು: ಬೀಗದಕೈ ಎಲ್ಲಿ ಮಾಡಿದ್ದಾದರೇನು, ತೆರೆದ ಬಾಗಿಲು ನನ್ನ ಮನೆಯದೇ ಅಲ್ಲವೇ? ರಂಗಭೂಮಿಯ ಹರಿಶ್ಚಂದ್ರ ಬಣ್ಣ ಬಳಿದುಕೊಂಡವನೆಂದು ನಾವು ನಮ್ಮ ಕಣ್ಣೀರನ್ನು ಹಿಂದಕ್ಕೆ ಕೇಳುವುದಿಲ್ಲ. ವಾದ ನನಗೆ ಹಿಡಿಸಿತು. ದಿನವೂ ಸಂಜೆ ಸ್ವಲ್ಪ ಕೇದಗೆಯನ್ನು ಮಣಿಕಟ್ಟಿಗೆ ಹಚ್ಚಿಕೊಂಡು ಅಮ್ಮನನ್ನು ನೆನೆಯುತ್ತ ಕೂರುವುದು ರೂಢಿಯಾಯಿತು. ನಿಜ ಹೇಳಬೇಕೆಂದರೆ, ಆ ದುಃಖದ ಜೊತೆಗೆ ‘ನಾನೆಂಥ ಮಗ’ ಎಂಬ ಒಂದು ತೃಪ್ತಿಯೂ ಬೆರೆತಿತ್ತು. ಪರಿಮಳದಲ್ಲಿ ಏನೇನು ಬೆರೆತಿದೆಯೆಂದು ಕೇಳಿದವನು, ದುಃಖದಲ್ಲಿ ಏನು ಬೆರೆತಿದೆಯೆಂದು ಕೇಳಿಕೊಂಡಿರಲಿಲ್ಲ.

ಶ್ರಾವಣದಲ್ಲಿ ಶಿವಮೊಗ್ಗದಿಂದ ಅಕ್ಕ ಬಂದಳು. ಅಮ್ಮನಿಗೆ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದ ಮೇಲೆ ಹನ್ನೊಂದು ತಿಂಗಳು ನೋಡಿಕೊಂಡವಳು ಅವಳೇ. ನಾನು ಮೈಸೂರಿನಲ್ಲಿ ಕಾಲೇಜು, ಪರೀಕ್ಷೆ, ಮೌಲ್ಯಮಾಪನ ಎಂದುಕೊಂಡು ತಿಂಗಳಿಗೊಮ್ಮೆ, ಎರಡನೆಯ ಶನಿವಾರ ಹೋಗಿ, ಕಿತ್ತಳೆಹಣ್ಣು ಕೊಟ್ಟು, ಭಾನುವಾರ ರಾತ್ರಿಯ ಬಸ್ಸು ಹಿಡಿಯುತ್ತಿದ್ದೆ. ಕಾಫಿಯಾದ ಮೇಲೆ ಅಕ್ಕನ ಕೈಗೆ ಕೇದಗೆಯ ಪಟ್ಟಿಯನ್ನು ಕೊಟ್ಟೆ. ಅವಳೂ ಅಳುತ್ತಾಳೆ, ಇಬ್ಬರೂ ಕೂಡಿ ಅಮ್ಮನನ್ನು ನೆನೆಯುತ್ತೇವೆ ಎಂದು ಕಾದೆ.

ಅಕ್ಕ ಮೂಸಿ ನೋಡಿ, “ಚೆನ್ನಾಗಿದೆ ಕಣೋ. ಟ್ರಂಕಿನ ವಾಸನೆ ಹಾಗೇ ಬಂದಿದೆ” ಎಂದಳು.

“ಅಮ್ಮನೇ ಬಂದು ನಿಂತಂತಾಗುವುದಿಲ್ಲವೇ?”

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. “ನಿನಗೆ ಆಗುತ್ತೇನೋಪ್ಪ. ನನಗೆ ಅಮ್ಮ ಅಂದರೆ ಫಿನಾಯಿಲು. ನೋವಿನೆಣ್ಣೆ. ಬೆನ್ನಿನ ಹುಣ್ಣಿಗೆ ಹಾಕುತ್ತಿದ್ದ ಪುಡಿ. ಬಟ್ಟೆ ಎಷ್ಟು ಸಲ ಬದಲಾಯಿಸಿದರೂ ಹೋಗದೇ ಇದ್ದ ವಾಸನೆ. ಈಗಲೂ ಆಸ್ಪತ್ರೆ ಮುಂದೆ ಹೋದರೆ ಅಮ್ಮ ಕರೆದ ಹಾಗಾಗುತ್ತೆ.”

“ನಾನು ಬಂದಾಗಲೂ ಕೋಣೆಯಲ್ಲಿ ಇದೇ ವಾಸನೆ ಇರುತ್ತಿತ್ತು ಕಣೇ ಅಕ್ಕಾ,” ಎಂದು ನಾನು ಪಟ್ಟಿಯನ್ನು ತೋರಿಸಿದೆ.

“ಇರದೆ ಏನು? ನೀನು ಬರುವ ಶನಿವಾರ ಬೆಳಿಗ್ಗೆ ಎದ್ದ ಕೂಡಲೇ ಅಮ್ಮನಿಗೆ ಅದೇ ಗಲಾಟೆ. ಮಾತು ತೊದಲುತ್ತಿತ್ತು, ಟ್ರಂಕಿನ ಕಡೆ ಕೈ ತೋರಿಸುತ್ತಿದ್ದಳು. ಕೋಣೆ ತೊಳೆದು, ಅವಳನ್ನು ಒರೆಸಿ, ಟ್ರಂಕಿನಿಂದ ಒಂದು ಸೀರೆ ತೆಗೆದು ಹೊದಿಸಬೇಕು. ಮಗುವಿಗೆ ವಾಸನೆ ಬರಬಾರದು ಅನ್ನುತ್ತಿದ್ದಳು. ನೀನು ಬಸ್ಸು ಹತ್ತಿದ ಮೇಲೆ ಸೀರೆ ಮಡಿಚಿ ಇಡುತ್ತಿದ್ದೆ.”

ಆಗ ನನಗೆ ನಲವತ್ತು ವರ್ಷ.

ಅಕ್ಕ ಇದನ್ನು ದೂರಿನಂತೆ ಹೇಳಲಿಲ್ಲ. ಮುಗಿದುಹೋದ ಕೆಲಸದ ವಿವರ ಹೇಳುವಂತೆ ಹೇಳಿ, ಕಾಫಿಯ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ನಾನು ಮಾತ್ರ ಅಲ್ಲೇ ಕುಳಿತೆ. ಕೇದಗೆಯ ಕಥೆ ನಮಗೆಲ್ಲ ಗೊತ್ತು. ಬೆಂಕಿಯ ಕಂಬವಾಗಿ ನಿಂತ ಶಿವನ ನೆತ್ತಿಯನ್ನು ಕಂಡೆನೆಂದು ಬ್ರಹ್ಮ ಸುಳ್ಳು ಹೇಳಿದಾಗ, ಹೌದೆಂದು ಸಾಕ್ಷಿ ನುಡಿದ ಹೂ ಅದು. ಆ ತಪ್ಪಿಗೆ ಶಿವಪೂಜೆಗೆ ಅದು ಸಲ್ಲುವುದಿಲ್ಲ. ನನ್ನ ಮನೆಯಲ್ಲೂ ಕೇದಗೆ ಸುಳ್ಳು ಸಾಕ್ಷಿ ಹೇಳಿತ್ತು. ಅದು ಹೇಳಿದ್ದು ಆರು ವರ್ಷಗಳ ಹಿಂದೆ, ಅಸಲಿ ಎಸಳಿನಿಂದ. ಈಗಿನ ಕಾರ್ಖಾನೆಯ ದ್ರವದಿಂದಲ್ಲ. ನಾನು ಸುಗಂಧದ ಸಾಚಾತನವನ್ನು ತಪ್ಪು ಜಾಗದಲ್ಲಿ ಹುಡುಕಿದ್ದೆ.

ಹಾಗೆಂದು ಆ ಸಾಕ್ಷಿಯನ್ನು ಸುಳ್ಳೆಂದು ತಳ್ಳಿಬಿಡಲಾದೀತೇ? ಬ್ರಹ್ಮ ಸುಳ್ಳು ಹೇಳಿಸಿದ್ದು ತಾನು ದೊಡ್ಡವನೆನಿಸಿಕೊಳ್ಳಲು. ಅಮ್ಮ ಹೇಳಿಸಿದ್ದು ಮಗ ಮೂಗು ಮುಚ್ಚಿಕೊಳ್ಳದೆ ಪಕ್ಕದಲ್ಲಿ ಕೂರಲಿ ಎಂದು. ಬಹುಶಃ ತನ್ನ ಮಾನಕ್ಕಾಗಿಯೂ ಇರಬೇಕು. ಒಪ್ಪವಾಗಿ ಬದುಕಿದ ಹೆಂಗಸು ಒಪ್ಪವಾಗಿಯೇ ನೆನಪಿನಲ್ಲಿರಲು ಬಯಸಿದರೆ ಅದನ್ನು ವಂಚನೆಯೆನ್ನಲು ನನಗೆ ನಾಲಗೆ ಬರುವುದಿಲ್ಲ. ತಪ್ಪಿದ್ದರೆ ಅದು ನಂಬಿದವನದು. ತಿಂಗಳಿಗೆ ಎರಡು ದಿನ ಕಂಡ ಕೋಣೆಯೇ ಮೂವತ್ತು ದಿನವೂ ಇರುತ್ತದೆಂದು ನಂಬಲು ನನಗೆ ಅನುಕೂಲವಿತ್ತು. ನಂಬಿದೆ. ಪರಿಮಳವನ್ನು ಪಡೆದವನಿಗೆ ಅದರ ಹಿಂದಿನ ದುಡಿಮೆ ಯಾರದೆಂದು ಕೇಳುವ ಕರ್ತವ್ಯವಿದೆಯೇ ಎಂಬುದು ನಿಜವಾದ ಪ್ರಶ್ನೆ. ಇದೆಯೆಂದು ನನಗೀಗ ತೋರುತ್ತದೆ. ಅಕ್ಕನ ಹನ್ನೊಂದು ತಿಂಗಳು ಆ ಕೋಣೆಯಲ್ಲಿ ಸವೆದುದರಿಂದ ನನ್ನ ಎರಡು ದಿನಗಳಿಗೆ ಕಂಪು ಬಂದಿತ್ತು.

ಇಲ್ಲಿ ಎರಡನೆಯ ಸೀಸೆಯ ಮಾತು ಬರುತ್ತದೆ. ಸಂಪಿಗೆಯನ್ನು ಪರೀಕ್ಷಿಸಿದ ದಿನ ಅದರಲ್ಲಿ ಏನೋ ಸಣ್ಣ ಕೊಳಕು ವಾಸನೆ ಅಡಗಿದೆಯೆಂದು ನನಗೆ ಅನುಮಾನವಾಗಿತ್ತು. ತಯಾರಿಕೆಯ ದೋಷವೆಂದುಕೊಂಡು ಶಿಷ್ಯೆಗೆ ಹೇಳಿಯೂ ಇದ್ದೆ. ಅವಳು ನಕ್ಕು, “ಅದು ದೋಷವಲ್ಲ ಸರ್. ಅದರ ಹೆಸರು ಇಂಡೋಲ್. ಮಲ್ಲಿಗೆಯಲ್ಲೂ ಇದೆ, ಸಂಪಿಗೆಯಲ್ಲೂ ಇದೆ, ಮಲದಲ್ಲೂ ಇದೆ. ಅದನ್ನು ಪೂರ್ತಿ ತೆಗೆದು ಮಾಡಿದರೆ ಸಾಬೂನಿನ ಹಾಗೆ ಸ್ವಚ್ಛವಾಗಿರುತ್ತದೆ, ಹೂ ಮಾತ್ರ ಸತ್ತುಹೋಗಿರುತ್ತದೆ. ಅದಕ್ಕೆ ನಾನೇ ಒಂದಿಷ್ಟು ಬಿಟ್ಟಿದ್ದೇನೆ” ಎಂದಿದ್ದಳು. ಅಂದು ಅದೊಂದು ಸ್ವಾರಸ್ಯದ ಸಂಗತಿಯೆಂದು ಕೇಳಿ ಮರೆತಿದ್ದೆ.

ನಮ್ಮ ನೈಯಾಯಿಕರು ಇದನ್ನು ತಮ್ಮದೇ ರೀತಿಯಲ್ಲಿ ಕಂಡಿದ್ದರು. ಗಂಧವು ಪೃಥ್ವಿಯೊಂದರದೇ ಗುಣ. ನೀರಿಗೆ, ಗಾಳಿಗೆ ವಾಸನೆ ಬಂದರೆ ಅದು ಮಣ್ಣಿನಿಂದ ಕಡ ತಂದದ್ದು ಎಂಬುದು ಅವರ ಮತ. ಅನ್ನಂಭಟ್ಟನ ತರ್ಕಸಂಗ್ರಹದಲ್ಲಿ ಆ ಗಂಧವನ್ನು ಸುರಭಿ, ಅಸುರಭಿ ಎಂದು ಎರಡಾಗಿ ವಿಂಗಡಿಸಿದೆ. ಎರಡೂ ಇರುವುದು ಒಂದೇ ಪೃಥ್ವಿಯಲ್ಲಿ. ದುರ್ಗಂಧಕ್ಕೆ ಬೇರೊಂದು ಆಶ್ರಯವನ್ನು ಅವರು ಕಲ್ಪಿಸಲಿಲ್ಲ. ತರಗತಿಯಲ್ಲಿ ಇಂಥ ವಿಂಗಡಣೆಗಳನ್ನು ಒಣ ಪಟ್ಟಿಯೆಂದು ದಾಟಿಸಿಬಿಡುತ್ತೇವೆ. ಟ್ರಂಕೂ ಫಿನಾಯಿಲೂ ಒಬ್ಬಳೇ ತಾಯಿಯವು ಎಂದು ಒಪ್ಪಿಕೊಳ್ಳಬೇಕಾಗಿ ಬಂದಾಗ ಆ ಒಣ ಪಟ್ಟಿಯ ಭಾರ ತಿಳಿಯುತ್ತದೆ.

ಸಿಹಿಯಾದ ನೆನಪುಗಳೇ ಬೇಡ, ಕಷ್ಟದ ನೆನಪೇ ಸತ್ಯ ಎನ್ನುವವರೂ ಇದ್ದಾರೆ. ಅದು ಇನ್ನೊಂದು ಬಗೆಯ ಅರೆಬರೆ. ಅಕ್ಕನ ಫಿನಾಯಿಲಿನಲ್ಲಿ ಹಬ್ಬದ ದಿನ ಸೀರೆಯುಟ್ಟು ಹೊರಟ ಅಮ್ಮ ಇಲ್ಲ. ಆ ಅಮ್ಮನನ್ನು ಹನ್ನೊಂದು ತಿಂಗಳ ಸೇವೆ ಅವಳಿಂದ ಕಸಿದುಕೊಂಡಿತು. ಅದೂ ಒಂದು ನಷ್ಟವೇ. ನೆನೆಯುವುದೆಂದರೆ ಆರಿಸುವುದು. ಸುಗಂಧ ಮಾಡುವವಳೂ ಆರಿಸುತ್ತಾಳೆ, ಮಗನೂ ಆರಿಸುತ್ತಾನೆ. ಅವಳು ಮಾತ್ರ ತಾನು ಏನನ್ನು ಬಿಟ್ಟೆ, ಏನನ್ನು ಉಳಿಸಿದೆ ಎಂಬ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಟ್ಟಿರುತ್ತಾಳೆ. ನಾನು ಅಂಥ ಲೆಕ್ಕವನ್ನು ಇಟ್ಟಿರಲಿಲ್ಲ.

ಅಂದು ರಾತ್ರಿ ಊಟವಾದ ಮೇಲೆ ಅಕ್ಕನನ್ನು ಆ ಹನ್ನೊಂದು ತಿಂಗಳ ವಿಷಯ ಕೇಳಿದೆ. ಆರು ವರ್ಷಗಳಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಅವಳು ಮೊದಲು, “ಈಗ ಯಾಕೋ ಅದೆಲ್ಲ?” ಎಂದಳು. ಆಮೇಲೆ ಹೇಳತೊಡಗಿದಳು. ರಾತ್ರಿ ಎಷ್ಟು ಸಲ ಏಳಬೇಕಾಗುತ್ತಿತ್ತು, ಮೈ ತಿರುಗಿಸುವಾಗ ಅಮ್ಮ ಹೇಗೆ ಹಲ್ಲು ಕಚ್ಚುತ್ತಿದ್ದಳು, ಒಂದು ದಿನ ತಾನೇ ಬೇಸತ್ತು ಅಮ್ಮನ ಮೇಲೆ ರೇಗಿ ಆಮೇಲೆ ಹಿತ್ತಲಿಗೆ ಹೋಗಿ ಅತ್ತದ್ದು. ಕೆಲವು ಕಡೆ ಕೇಳುವುದು ಕಷ್ಟವಾಯಿತು. ಎದ್ದುಹೋಗಲಿಲ್ಲ. ನಡುವೆ ಅವಳಿಗೇ ಏನೋ ನೆನಪಾಗಿ, ಅಮ್ಮ ಟ್ರಂಕಿನ ಬೀಗದಕೈ ಕಳೆದು ಇಡೀ ಮನೆಯನ್ನು ಕುಣಿಸಿದ ಹಳೆಯ ಪ್ರಸಂಗವೊಂದನ್ನು ಹೇಳಿ ಜೋರಾಗಿ ನಕ್ಕಳು. ಗಡಿಯಾರ ನೋಡಿದಾಗ ಒಂದು ಗಂಟೆ ದಾಟಿತ್ತು.

ಮರುದಿನ ಹೊರಡುವಾಗ ಕೇದಗೆಯ ಸೀಸೆಯನ್ನು ಅವಳ ಕೈಚೀಲದಲ್ಲಿಡಲು ಹೋದೆ. “ಅದು ನಿನಗಿರಲಿ. ಕೊಡುವುದಾದರೆ ಆ ಮಣ್ಣಿನದು ಕೊಡು. ಮೂಸಿದರೆ ತಲೆ ತಂಪಾಗುತ್ತೆ” ಎಂದು ಅದನ್ನೇ ತೆಗೆದುಕೊಂಡಳು. ನನಗೆ ಏನೂ ಅನ್ನಿಸದ ಸೀಸೆ ಅವಳಿಗೆ ಹಿಡಿಸಿತು. ಅದರಲ್ಲಿ ಅವಳಿಗೆ ಏನು ಕಂಡಿತೋ ನಾನು ಕೇಳಲಿಲ್ಲ.

ಶಿಷ್ಯೆಗೆ ಉತ್ತರ ಬರೆಯುವುದು ಬಾಕಿಯಿತ್ತು. ಮಣ್ಣು ಚೆನ್ನಾಗಿದೆ, ಶಿವಮೊಗ್ಗದಲ್ಲಿ ಒಬ್ಬರು ಗಿರಾಕಿಯಿದ್ದಾರೆ ಎಂದು ಬರೆದೆ. ಹೊಗೆಯ ವಿಷಯದಲ್ಲಿ ನನ್ನ ಹೆಂಡತಿಯ ಅಭಿಪ್ರಾಯವನ್ನು ಇದ್ದಂತೆ ತಿಳಿಸಿದೆ. ಸಂಪಿಗೆಯಲ್ಲಿ ನಾನು ತೋರಿಸಿದ ದೋಷವನ್ನು ತೆಗೆಯಬೇಡ, ಇದ್ದಷ್ಟು ಇರಲಿ ಎಂದೆ. ಕೇದಗೆಯ ಬಗ್ಗೆ ಎರಡು ಸಲ ಬರೆದು ಹೊಡೆದುಹಾಕಿದೆ. ಕೊನೆಗೆ, ಅದು ನಮ್ಮ ಮನೆಯ ಟ್ರಂಕಿನಂತೆಯೇ ಇದೆ, ಅದರ ದೊಡ್ಡ ಸೀಸೆ ನನಗೆ ಬೇಡ, ಈ ಸಣ್ಣದು ಸಾಕು ಎಂದು ಬರೆದು ಲಕೋಟೆಗೆ ಅಂಟು ಹಚ್ಚಿದೆ.